ಬಂದ ದಿನವಷ್ಟೇ ನೀರು ಹರಿಸುವ ಸಲಹೆಗಾರ ಸಾಹೇಬರಿಗೆ

ಹುನಗುಂದದ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತವರೇ, ಇಳಕಲ್ಲಿನ ಸಂತೆಗೆ ಹೊರಟು ನಿಂತವರೇ, ಬಾಗಲಕೋಟೆಯಿಂದ ಬಾದಾಮಿಯವರೆಗೆ ಮೈಕಿಲ್ಲದೆಯೂ ನನ್ನ ದನಿ ಮುಟ್ಟುವ ಸಮಸ್ತ ಪ್ರೇಕ್ಷಕ ಮಹಾಶಯರೇ, ಬೀಡಿ ಆರಿಸಿ, ಮಕ್ಕಳನ್ನು ಮುಂದೆ ಕೂರಿಸಿ, ಸಾವಧಾನದಿಂದ ಕೇಳಬೇಕು. ಪತ್ರ ಬರೆದದ್ದು ಒಬ್ಬರಿಗಾದರೂ ಓದುವುದು ನಿಮ್ಮೆಲ್ಲರ ಎದುರಿಗೆ.

ಮಾನ್ಯ ರಾಜಕುಮಾರ ಸಾಹೇಬರೇ,

ಜವಾಬ್ದಾರಿಯುತ ಉದ್ಯಮ ಹಾಗೂ ಮಾನವ ಹಕ್ಕುಗಳ ಸಲಹೆಗಾರರಾದ ತಮ್ಮ ಪಾದಗಳಿಗೆ, ಅಂದರೆ ಕ್ವಾರಿಯ ಕೆಸರು ತಾಗದಂತೆ ಪ್ಲಾಸ್ಟಿಕ್ ಚೀಲ ಸುತ್ತಿದ್ದ ತಮ್ಮ ಬೂಟುಗಳಿಗೆ, ನಾಟಕದ ಮಾಸ್ತರ ಅಮಸಿದ್ದಪ್ಪನ ಅನಂತ ನಮಸ್ಕಾರಗಳು. ಆ ಕೆಸರು ತಾವು ಬಂದ ಕಾರಣಕ್ಕಾಗಿಯೇ ಆದದ್ದೆಂಬ ಸಂಗತಿ ತಮ್ಮ ಗಮನಕ್ಕೆ ಬಂದಿರಲಾರದು. ಅದನ್ನು ನಿವೇದಿಸಿಕೊಳ್ಳುವುದಕ್ಕೇ ಈ ಪತ್ರ.

ನನ್ನ ತಂಗಿ ರಂಗವ್ವನ ಗಂಡ ಮಾಳಿಂಗರಾಯ ಇಳಕಲ್ಲಿನ ಹೊರಗಿನ ಒಂದು ಗ್ರಾನೈಟ್ ಕ್ವಾರಿಯಲ್ಲಿ ಮಷೀನು ಹಿಡಿದು ಬಂಡೆಗೆ ತೂತು ಕೊರೆಯುವವನು. ಕೊರೆಯುವಾಗ ನೀರು ಬಿಟ್ಟರೆ ಹುಡಿ ಕೆಸರಾಗಿ ನೆಲಕ್ಕಿಳಿಯುತ್ತದೆ, ಬಿಡದಿದ್ದರೆ ಎದೆಗಿಳಿಯುತ್ತದೆ. ಕ್ವಾರಿಯಲ್ಲಿ ಪಂಪು ಇದೆ, ಪೈಪು ಇದೆ, ಇಲ್ಲದ್ದು ನೀರು ಬಿಡುವ ಮನಸ್ಸೊಂದೇ. ಟ್ಯಾಂಕರಿನ ನೀರು ತುಟ್ಟಿಯಂತೆ. ಆದರೆ ಕಲ್ಲು ಕೊಳ್ಳುವ ಪರದೇಶದವರ ಪರವಾಗಿ, ಇಲ್ಲಿ ಕೂಲಿಕಾರರನ್ನು ಮನುಷ್ಯರಂತೆ ಕಾಣುತ್ತಾರೋ ಇಲ್ಲವೋ ನೋಡಲು ತಾವು ವರ್ಷಕ್ಕೊಮ್ಮೆ ಚಿತ್ತೈಸುತ್ತೀರಲ್ಲ, ಆ ದಿನ ಮಾತ್ರ ಪಂಪು ಗುಡುಗುತ್ತದೆ, ಪೈಪು ಸುರಿಯುತ್ತದೆ, ಕಪಾಟಿನ ಮಾಸ್ಕುಗಳು ಹೊರಬರುತ್ತವೆ, ಚಹಾದಲ್ಲಿ ಹಾಲು ಕಾಣಿಸಿಕೊಳ್ಳುತ್ತದೆ. ತಮ್ಮ ಬಿಳಿ ಕಾರು ಹುನಗುಂದದ ರಸ್ತೆಗೆ ಹೊರಳಿದೊಡನೆ ಮೇಸ್ತ್ರಿ ಬೀರಲಿಂಗಪ್ಪ, "ಸಾಹೇಬ್ರು ಹ್ವಾದ್ರಲೇ, ನೀರ ಬಂದ್ ಮಾಡ್ರಿ" ಎನ್ನುತ್ತಾನೆ. ನಾಟಕದಲ್ಲಿ ಪರದೆ ಇಳಿಸುವವನೂ ಇಷ್ಟು ಚುರುಕಾಗಿರುವುದಿಲ್ಲ.

ಕಳೆದ ಸಲ ತಾವು ಬಂದುಹೋದ ಸಂಜೆ ಮಾಳಿಂಗರಾಯ ಮನೆಗೆ ಬಂದಾಗ, ದಿನವೂ ಹುಡಿ ಮೆತ್ತಿ ಪೌಡರು ಬಳಿದ ಪಾತ್ರಧಾರಿಯಂತೆ ಬರುವ ಅವನ ಮುಖ ಅಂದು ಹುಟ್ಟಿದ ಬಣ್ಣದಲ್ಲೇ ಇತ್ತು. ನನ್ನ ತಂಗಿ ಬಾಗಿಲಲ್ಲೇ ತಡೆದು, "ಖರೆ ಹೇಳ್ರಿ, ಇವತ್ತ ಕೆಲಸಕ್ಕ ಹೋಗಿಲ್ಲ ಹೌದಿಲ್ಲೋ? ಎಲ್ಲಿ ಕುಂತು ಇಸ್ಪೀಟ ಆಡಿ ಬಂದ್ರಿ?" ಎಂದು ಗದರಿದಳು. ಅವನು ನಗಲು ಹೋಗಿ ಕೆಮ್ಮಿದ. ಆ ಕೆಮ್ಮಿನ ಫೋಟೋವನ್ನು ಬಾಗಲಕೋಟೆಯ ಡಾಕ್ಟರರು ಬೆಳಕಿಗೆ ಹಿಡಿದು ನೋಡಿ, ಇನ್ನು ಹುಡಿ ಒಳಗೆ ಹೋಗಕೂಡದು, ಹೋದರೆ ಉಸಿರು ಉಳಿಯುವುದಿಲ್ಲ ಎಂದಿದ್ದಾರೆ. ತಮ್ಮ ವರದಿಯಲ್ಲಿ ಮಾತ್ರ, ಧೂಳು ಕಂಡುಬಂದಿಲ್ಲ ಎಂದಿದೆಯಂತೆ. ಸತ್ಯವಾದ ಮಾತು, ತಾವಿದ್ದಾಗ ಅದು ಕಾಣಿಸಿಕೊಳ್ಳುವಷ್ಟು ಅವಿವೇಕಿಯಲ್ಲ.

ಮೊನ್ನೆ ತಾವು ಬಾಗಲಕೋಟೆಯ ಕಾಲೇಜೊಂದರಲ್ಲಿ, ಮಾನವ ಹಕ್ಕುಗಳ ಸಲಹೆಯಲ್ಲಿ ವೃತ್ತಿ ಕಟ್ಟಿಕೊಳ್ಳುವುದು ಹೇಗೆ ಎಂದು ವಿದ್ಯಾರ್ಥಿಗಳಿಗೆ ಉಪದೇಶಿಸಿದಿರಿ. ಮೊದಲು ಕ್ವಾರಿ, ಆಮೇಲೆ ವರದಿ, ಆಮೇಲೆ ದಿಲ್ಲಿಯ ಸಮ್ಮೇಳನ, ಆಮೇಲೆ ವಿಮಾನ, ಹೀಗೆ ಬಾದಾಮಿಯ ಗುಹೆಗಳಿಗೆ ಮೆಟ್ಟಿಲು ಹತ್ತಿದಂತೆ ತಾವು ಹತ್ತಿದ್ದನ್ನು ಕೇಳಿ ಅಲ್ಲೇ ಓದುವ ಮಾಳಿಂಗರಾಯನ ಮಗಳು ಲಲಿತಾ ಎದ್ದು ನಿಂತು, "ಸರ್, ನೀವು ಬರೂ ದಿನ ಅವರಿಗೆ ಮೊದಲ ಹ್ಯಾಂಗ ಗೊತ್ತಾಗತೈತ್ರಿ?" ಎಂದು ಕೇಳಿದಳಂತೆ. ಎಂಟು ದಿನ ಮುಂಚೆ ತಿಳಿಸಿ ಹೋಗುವುದು ವೃತ್ತಿಯ ಸೌಜನ್ಯ ಎಂದು ತಾವು ಮುಗುಳ್ನಕ್ಕಿರಂತೆ. ಆಹಾ, ಎಂಥ ಸೌಜನ್ಯ. ಹುಡಿ ಮಾತ್ರ ನನ್ನ ತಂಗಿಯ ಗಂಡನ ಎದೆಗೆ ಹೇಳದೆ ಕೇಳದೆ ಹೋಗಿದೆ. ಅದಕ್ಕೂ ತಾವು ಒಂದಿಷ್ಟು ತರಬೇತಿ ಕೊಡಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ತಾವು ದಿನಾಲೂ ಬರಬೇಕು. ಇಳಕಲ್ಲಿನಲ್ಲಿ ಮನೆ ಹಿಡಿದು, ಕ್ವಾರಿಯ ಗೇಟಿನಲ್ಲಿ ಮಂಚ ಹಾಕಿಸಿಕೊಂಡು, ಅಲ್ಲೇ ಏಳಬೇಕು, ಅಲ್ಲೇ ಮಲಗಬೇಕು. ಅದು ಆಗದಿದ್ದರೆ ಬಿಳಿ ಕಾರನ್ನಾದರೂ ಬಿಟ್ಟುಹೋಗಬೇಕು. ಅದೂ ಆಗದಿದ್ದರೆ ತಮ್ಮ ಇಸ್ತ್ರಿ ಅಂಗಿ, ಕಪ್ಪು ಕನ್ನಡಕ, ಕೊರಳಿನ ಗುರುತಿನ ಚೀಟಿ ಕೊಟ್ಟರೂ ಸಾಕು, ಬೆದರುಗೊಂಬೆಗೆ ತೊಡಿಸಿ ನಿಲ್ಲಿಸುತ್ತೇವೆ. ತಾವು ಅದಕ್ಕಿಂತ ಹೆಚ್ಚೇನಾದರೂ ಮಾಡಿದ್ದನ್ನು ಕ್ವಾರಿಯಲ್ಲಿ ಯಾರೂ ಕಂಡಿಲ್ಲ.

ತಾವು ಒಪ್ಪಲಾರಿರೆಂದು ತಿಳಿದೇ ನಾನು ವೇಷದ ಪೆಟ್ಟಿಗೆ ತೆರೆದಿದ್ದೇನೆ. ರಾಜನಾಗಿದ್ದೇನೆ, ಮಂತ್ರಿಯಾಗಿದ್ದೇನೆ, ಸೀರೆಯುಟ್ಟು ರಾಣಿಯೂ ಆಗಿದ್ದೇನೆ. ಸಲಹೆಗಾರನಾಗುವುದು ಎಷ್ಟರ ಕೆಲಸ? "ಅಣ್ಣಾ, ನಿನಗ ಇಂಗ್ಲಿಷ್ ಎಲ್ಲಿ ಬರತೈತಿ?" ಎಂದು ರಂಗವ್ವ ಹೆದರಿದಳು. ಅದಕ್ಕೆ ಮಾಳಿಂಗರಾಯನೇ ಧೈರ್ಯ ಹೇಳಿದ: "ಅವರು ಕ್ವಾರ್ಯಾಗ ಮಾತ ಆಡೂದಿಲ್ಲ ಮಾವಾ, ತಲಿ ಅಷ್ಟ ಅಲ್ಲಾಡಸ್ತಾರ."

ಹೀಗೆಂದು, ತಮ್ಮ ಮೇಲಲ್ಲದಿದ್ದರೂ ತಮ್ಮ ವೇಷದ ಮೇಲೆ ಪೂರ್ಣ ವಿಶ್ವಾಸವಿಟ್ಟ,
ತಮ್ಮ ವಿಶ್ವಾಸಿ,
ಅಮಸಿದ್ದಪ್ಪ, ನಾಟಕದ ಮಾಸ್ತರ, ಹುನಗುಂದ

ತಾ.ಕ.: ತಾವೇ ಅಕಸ್ಮಾತ್ ಹೇಳದೆ ಬಂದುಬಿಟ್ಟರೆ ಕನ್ನಡಕ ತೆಗೆದು ತಮ್ಮ ಕೈಗಿತ್ತು ಪಕ್ಕಕ್ಕೆ ಸರಿಯುತ್ತೇನೆ, ಬರುವುದಿಲ್ಲವೆಂಬ ಭರವಸೆಯಿಂದಲೇ ಬಾಡಿಗೆಗೆ ಬಿಳಿ ಕಾರು ಹೇಳಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಮಷೀನು ಶುರುವಾಗುವ ಮೊದಲೇ ಆ ಗೇಟಿನ ಮುಂದೆ ಇಳಿದು, ಬೂಟಿಗೆ ಚೀಲ ಸುತ್ತಿಕೊಂಡು, ತಲೆ ಅಲ್ಲಾಡಿಸುತ್ತ ನಿಲ್ಲುತ್ತೇನೆ. ಸಂಜೆ ನನ್ನ ತಂಗಿ ಮತ್ತೊಮ್ಮೆ ಗಂಡನನ್ನು ಬಾಗಿಲಲ್ಲಿ ತಡೆದು, ಕೆಲಸ ತಪ್ಪಿಸಿ ಎಲ್ಲಿಗೆ ಹೋಗಿದ್ದಿರೆಂದು ಬೈಯುವವರೆಗೂ ವೇಷ ಕಳಚುವುದಿಲ್ಲ.