ಪೆನ್‌ಡ್ರೈವಿನಲ್ಲಿದ್ದ ಮಾವನವರು

ನಮ್ಮ ಮನೆಯ ಕಂಪ್ಯೂಟರನ್ನು ನಿಧಾನ ಎಂದರೆ ಹೊಗಳಿದಂತಾಗುತ್ತದೆ. ಗುಂಡಿ ಒತ್ತಿ ಸ್ನಾನಕ್ಕೆ ಹೋಗಿ, ತಲೆ ಒರೆಸಿಕೊಂಡು ಬಂದರೂ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ನನ್ನವಳು ಗಣಿತದ ಟೀಚರು. ಮಕ್ಕಳ ಅಂಕಗಳನ್ನು ಅದರಲ್ಲೇ ತುಂಬಬೇಕು. ಸಿಟ್ಟು ಬರುತ್ತಿದ್ದುದು ಕಂಪ್ಯೂಟರಿನ ಮೇಲೆ. ಅದಕ್ಕೆ ಕಿವಿ ಇಲ್ಲದ ಕಾರಣ ನನ್ನ ಕಿವಿಯನ್ನು ಬಳಸಿಕೊಳ್ಳುತ್ತಿದ್ದಳು.

ಆಗ ನಮ್ಮ ವಿಮಾ ಕಚೇರಿಯ ‘ಪುಕ್ಕಟೆ ಪಂಡಿತ’ (ಸಲಹೆಗೆ ದುಡ್ಡು ಕೇಳಿದವನಲ್ಲ, ಸಲಹೆ ಕೇಳದವರನ್ನು ಬಿಟ್ಟವನೂ ಅಲ್ಲ) ದಾರಿ ತೋರಿಸಿದ.

“ಲಿನಕ್ಸ್ ಅಂತ ಹಗುರವಾದ ಆಪರೇಟಿಂಗ್ ಸಿಸ್ಟಮ್ ಇದೆ, ಹಾಕಿ ನೋಡಿ ಸಾರ್. ಒಂದು ಪೆನ್‌ಡ್ರೈವ್‌ಗೆ ಇಳಿಸ್ಕೊಂಡು ಅದರಿಂದ್ಲೇ ಬೂಟ್ ಮಾಡಿ, ಅಂದ್ರೆ ಶುರು ಮಾಡಿ. ಒಳಗಿರೋ ಒಂದಕ್ಷರವೂ ಅಲ್ಲಾಡಲ್ಲ. ಹಿಡಿಸ್ಲಿಲ್ವಾ, ಪೆನ್‌ಡ್ರೈವ್ ಕಿತ್ತುಬಿಡಿ.”

ಸಂಜೆ ಮನೆಗೆ ಬಂದು ಘೋಷಿಸಿದೆ. “ಇವತ್ತು ಕಂಪ್ಯೂಟರ್‌ನ ಬೂಟ್ ಮಾಡ್ತೀನಿ.”

“ಬೂಟಲ್ಲಾದ್ರೂ ಕೊಡಿ, ಚಪ್ಪಲೀಲಾದ್ರೂ ಕೊಡಿ. ನನ್ನ ಅಂಕಗಳು ಹೋದ್ರೆ ಮಾತ್ರ ಸುಮ್ನಿರಲ್ಲ.”

“ಒಂದಕ್ಷರವೂ ಅಲ್ಲಾಡಲ್ಲ ಕಣೇ.”

ಮೇಜಿನ ಡ್ರಾಯರ್‌ನಲ್ಲಿ ಒಂದು ಪೆನ್‌ಡ್ರೈವ್ ಸಿಕ್ಕಿತು. ಅದನ್ನು ಸಿಕ್ಕಿಸಿ ಲಿನಕ್ಸ್ ಇಳಿಸಲು ಹೊರಟೆ. ಪರದೆಯ ಮೇಲೆ ಉದ್ದನೆಯದೊಂದು ಪ್ರಶ್ನೆ ಬಂತು. ಪ್ರಶ್ನೆಯನ್ನು ಪೂರ್ತಿ ಕೇಳದೆ ‘ಹೌದು’ ಎನ್ನುವುದು ಮದುವೆಯಾದಾಗಿನಿಂದ ನನಗೆ ರೂಢಿ. ಒತ್ತಿದೆ. ಲಿನಕ್ಸ್ ಇಳಿಯಿತು. ಕಂಪ್ಯೂಟರನ್ನು ಆರಿಸಿ ಹೊತ್ತಿಸಿ, ಪಂಡಿತ ಹೇಳಿದ ಕೀಲಿ ಒತ್ತಿ, ‘ಪೆನ್‌ಡ್ರೈವ್‌ನಿಂದ ಶುರುವಾಗು’ ಎಂದು ಅಪ್ಪಣೆ ಕೊಡಿಸಿದೆ. ಎದ್ದು ಕೂತಿತು ನೋಡಿ!

ನನ್ನವಳು ಅಂಕಗಳ ಕಡತ ತೆರೆದಳು. ಥಟ್ಟನೆ ತೆರೆದುಕೊಂಡಿತು. ‘ಈ ಮನುಷ್ಯ ಪರವಾಗಿಲ್ಲ’ ಎಂಬಂತೆ ನನ್ನನ್ನು ನೋಡಿದಳು. ಆ ನೋಟ ಹಾಗೇ ಕೆಳಗಿಳಿದು ಪೆನ್‌ಡ್ರೈವ್ ಮೇಲೆ ನಿಂತಿತು.

“ರೀ, ಇದಕ್ಕೆ ಕೆಂಪು ದಾರ ಕಟ್ಟಿತ್ತಾ?”

“ಹ್ಞೂಂ. ಅಡ್ಡ ಬರ್ತಿತ್ತು, ಕತ್ತರಿಸ್ದೆ.”

“ಅಯ್ಯೋ, ಅದ್ರಲ್ಲಿ ಅಪ್ಪ ಇದ್ರು ಕಣ್ರೀ!”

ಮಾವನವರು ನೀರು ಸರಬರಾಜು ಇಲಾಖೆಯಲ್ಲಿದ್ದು ನಿವೃತ್ತರಾದವರು. ನಿವೃತ್ತಿಯ ನಂತರ ‘ಕೊಳವೆಯೊಳಗಿನ ಕಣ್ಣೀರು’ ಎಂಬ ಆತ್ಮಕಥೆಯನ್ನು ತಾವೇ ಟೈಪ್ ಮಾಡಿ, ಕೆಂಪು ದಾರದ ಆ ಪೆನ್‌ಡ್ರೈವಿನಲ್ಲಿ ಹಾಕಿ, ಓದಿ ಅಭಿಪ್ರಾಯ ತಿಳಿಸಿ ಎಂದು ನನಗೆ ಕೊಟ್ಟಿದ್ದರು. ನಾನು ತಿಳಿಸಿಯೂ ಇದ್ದೆ, “ಒಂದೊಂದು ಸಾಲೂ ಎದೆಗೆ ನಾಟ್ತು ಮಾವ” ಎಂದು. (ಓದುವುದೊಂದು ಬಾಕಿ ಇತ್ತು.)

ಪಂಡಿತನಿಗೆ ಫೋನ್ ಮಾಡಿ ಕೂಗಾಡಿದೆ. “ಒಂದಕ್ಷರವೂ ಅಲ್ಲಾಡಲ್ಲ ಅಂದ್ಯಲ್ಲಯ್ಯಾ!”

“ಕಂಪ್ಯೂಟರ್ ಒಳಗಿಂದು ಸಾರ್. ಪೆನ್‌ಡ್ರೈವ್ ಒಳಗಿಂದು ಪೂರಾ ಹೋಗುತ್ತೆ. ‘ಎಲ್ಲಾ ಅಳಿಸ್ಲಾ’ ಅಂತ ಅದು ಕೇಳುತ್ತಲ್ಲ?”

“ನಿಮ್ಮಪ್ಪ ಇನ್ನೊಂದು ಪ್ರತಿ ಇಟ್ಕೊಂಡಿರ್ತಾರೆ ಬಿಡೇ” ಎಂದೆ ಹೆಂಡತಿಗೆ.

“ಎಲ್ಲಿಂದ? ಯಾರಾದ್ರೂ ಕದ್ದು ಅಚ್ಚು ಹಾಕಿಸ್ಬಿಡ್ತಾರೆ ಅಂತ ಉಳಿದಿದ್ದನ್ನೆಲ್ಲ ಅವರೇ ಅಳಿಸಿದ್ರು.”

ಭಾನುವಾರ ಮಾವನವರು ಬಂದರು. ಹೆಂಡತಿ ನನ್ನನ್ನು ಮುಂದೆ ತಳ್ಳಿ ತಾನು ಬಾಗಿಲಿಗೆ ಒರಗಿ ನಿಂತಳು. ನಡೆದದ್ದನ್ನು ಹೇಳಿದೆ. ಮಾವನವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು, ಒರೆಸುತ್ತಲೇ ಇದ್ದರು.

“ಹೋಗ್ಲಿ ಬಿಡಿ ಅಳಿಯಂದ್ರೇ” ಎಂದರು ಕೊನೆಗೆ. “ನೀವಂತೂ ಒಂದೊಂದು ಸಾಲೂ ಓದಿದ್ದೀರಲ್ಲ. ನನಗೆ ಮರೆತಿದ್ದು ನೀವು ನೆನಪು ಮಾಡಿ. ಆ ದೊಡ್ಡ ಪೈಪ್ ಒಡೆದ ದಿವಸ ನಾನೇನು ಮಾಡ್ದೆ?”

ಪುಸ್ತಕದ ಹೆಸರನ್ನು ನೆನೆದು ಧೈರ್ಯವಾಗಿ ಹೇಳಿದೆ. “ಅತ್ತುಬಿಟ್ರಿ ಮಾವ.”

“ಅವತ್ತು ನಾನು ರಜೆ.”

ಬಾಗಿಲ ಕಡೆಯಿಂದ ಉಸಿರು ಎಳೆದುಕೊಂಡ ಸದ್ದು ಕೇಳಿತು. ಮಾವನವರು ಮಾತ್ರ ಕನ್ನಡಕ ಏರಿಸಿ ನನ್ನನ್ನೇ ನೋಡಿದರು. ಮುಖದಲ್ಲಿ ಎಂಥದೋ ಹೊಸ ಕಳೆ ಬಂದಿತ್ತು.

“ಓದಿಲ್ಲ. ಒಳ್ಳೇದೇ ಆಯ್ತು. ಕೇಳೋರಿಗೆ ಹೊಸದಾಗಿದ್ರೆ ಹೇಳೋರಿಗೂ ಹುರುಪು.”

ಮರುದಿನವೇ ಹಾಸಿಗೆ ಸಮೇತ ಬಂದರು. ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ತಾವು ಆರಾಮ ಕುರ್ಚಿಯಲ್ಲಿ ಕಾಲು ಚಾಚಿದರು.

“ಹೋದ ಸಲ ಕೆಲಸಕ್ಕೆ ಸೇರಿದಲ್ಲಿಂದ ಬರೆದಿದ್ದೆ, ಅದೊಂದು ಕೊರಗಿತ್ತು. ಹೇಗೂ ಹೊಸದಾಗಿ ಶುರು ಮಾಡ್ತಿದ್ದೀವಿ, ನಮ್ಮ ಮುತ್ತಜ್ಜನಿಂದ್ಲೇ ಹಿಡಿಯೋಣ. ಟೈಪ್ ಮಾಡಿ.”

ದಿನಾ ಸಂಜೆ ಟೈಪ್ ಮಾಡುತ್ತಿದ್ದೇನೆ. ತಿಂಗಳುಗಳೇ ಉರುಳಿದವು. ಮಾವನವರು ಇನ್ನೂ ಹುಟ್ಟಿಲ್ಲ.