ಒಳಗಿನಿಂದ ಹಾಕುವ ಬೀಗ

ಹುಡುಗಿಗೆ ತನ್ನದೇ ಒಂದು ಕೋಣೆ ಇರಬೇಕು, ಅದಕ್ಕೆ ಒಳಗಿನಿಂದ ಬೀಗ ಹಾಕುವಂತಿರಬೇಕು ಎಂದು ಮಕ್ಕಳ ಇಲಾಖೆಯ ಮೇಡಂ ಫೋನಿನಲ್ಲಿ ಹೇಳಿದ್ದೇ ಎಲ್ಲ ರಗಳೆಗೂ ಮೂಲ. ಸಂಜೆ ಬಂದು ನೋಡುತ್ತೇನೆ, ಎಲ್ಲ ಸರಿಯಿದ್ದರೆ ನಿಮ್ಮ ಮನೆಯಲ್ಲೇ ಇರಲಿ, ಇಲ್ಲದಿದ್ದರೆ ಇವತ್ತೇ ಹಾಸ್ಟೆಲಿಗೆ ಕರೆದೊಯ್ಯುತ್ತೇನೆ ಎಂದಿದ್ದರು.

ಬೀಗದಣ್ಣ ಬೆಳಗಿನಿಂದ ಮನೆಯ ಬಾಗಿಲುಗಳನ್ನೇ ನೋಡುತ್ತಾ ಓಡಾಡುತ್ತಿದ್ದ. ಬೀದಿಗೆಲ್ಲ ಬೀಗ ಹಾಕಿಕೊಡುವ ಮಹಾಶಯನ ಮನೆಯಲ್ಲಿ ಒಂದು ಬಾಗಿಲಿಗೂ ನೆಟ್ಟಗೆ ಚಿಲಕವಿರಲಿಲ್ಲ.

ಹುಡುಗಿಗೆ ಹದಿನಾರು ವರ್ಷ. ಹಿಂದಿಲ್ಲ, ಮುಂದಿಲ್ಲ. ಇಲಾಖೆಯ ಹಾಸ್ಟೆಲಿನಿಂದ ಹಲವು ಸಲ ತಪ್ಪಿಸಿಕೊಂಡು ಬೀದಿಯಲ್ಲಿ ಬೆಳೆದವಳು. ಒಂದು ಬೆಳಿಗ್ಗೆ ಬೀಗದಣ್ಣ ಅಂಗಡಿಗೆ ಹೋದರೆ ಒಳಗೆ ಗೋಣಿಚೀಲ ಹೊದ್ದು ಮಲಗಿದ್ದಳು. ಅವನೇ ಮಾಡಿ, ಅವನೇ ಊರೆಲ್ಲ ಹೊಗಳಿಕೊಂಡಿದ್ದ ಬೀಗವನ್ನು ತಲೆಪಿನ್ನಿನಿಂದ ತೆಗೆದಿದ್ದಳು. ಒಂದು ಮೊಳೆಯನ್ನೂ ಮುಟ್ಟಿರಲಿಲ್ಲ. ಕೋಪಕ್ಕಿಂತ ಅವಮಾನವೇ ಹೆಚ್ಚಾಗಿ ಅವಳನ್ನು ತಂದು ಹೆಂಡತಿಯ ಮುಂದೆ ನಿಲ್ಲಿಸಿದ. ಹೆಂಡತಿ ಮೊದಲು ತಟ್ಟೆ ಇಟ್ಟಳು, ಆಮೇಲೆ ಹೆಸರು ಕೇಳಿದಳು. ಅವತ್ತಿನಿಂದ ಅವಳು ಮನೆಮಗಳು. ಪಿನ್ನಿನ ವಿಷಯ ಮಾತ್ರ ಮೂವರಲ್ಲೇ ಉಳಿದಿತ್ತು. ಮೇಡಂ ಕಿವಿಗೆ ಬಿದ್ದರೆ ಕಳ್ಳಿ ಎಂಬ ಹಣೆಪಟ್ಟಿ ಹಚ್ಚಿ ಎಳೆದೊಯ್ದಾರು ಎಂಬ ಭಯ.

ಹಳೆಯ ಸಾಮಾನಿನ ಕೋಣೆ ಖಾಲಿಯಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ರಿಟೈರಾದ ಮೇಷ್ಟ್ರು ಕುರ್ಚಿ ಸಮೇತ ಬಂದು ಬಾಗಿಲಲ್ಲೇ ಠಿಕಾಣಿ ಹೂಡಿದರು. ಯಾರ ಮನೆ ಕೆಲಸವಾದರೂ ಮೂಗು ತೂರಿಸದಿದ್ದರೆ ಅವರಿಗೆ ನಿದ್ದೆ ಹತ್ತುವುದಿಲ್ಲ.

“ಕಿಟಕಿಗೆ ಜಾಲರಿ ಹೊಡೀರಿ. ಸೊಳ್ಳೆ ಕಂಡ್ರೆ ಮೇಡಂ ಒಪ್ಪಲ್ಲ.”

ಹೊಡೆದ.

“ಬಾಗಿಲ ಕೆಳಗೆ ಪಟ್ಟಿ ಹಾಕಿ. ಇಲಿ ಬರತ್ತೆ.”

ಕೂದಲೂ ತೂರದ ಹಾಗೆ ಹಾಕಿದ.

ಕೊನೆಗೆ ಬೀಗ. ಎಳೆದರೆ ತಾನೇ ಬಿದ್ದುಕೊಳ್ಳುವಂಥದ್ದು. ಹೊರಗಿನಿಂದ ಕೀಲಿ, ಒಳಗಿನಿಂದ ತಿರುಗಿಸುವ ಹಿಡಿ.

“ಒಳಗೆ ಹೋಗಿ ಒಂದ್ಸಲ ನೋಡಿಬಿಡಿ,” ಎಂದರು ಮೇಷ್ಟ್ರು.

ಬೀಗದಣ್ಣ ಒಳಹೋಗಿ ಬಾಗಿಲೆಳೆದ. ಬೀಗ ಖಟ್ ಎಂದಿತು. ಹಿಡಿ ತಿರುಗಿಸಿದ. ಹಿಡಿ ಕೈಗೆ ಬಂತು, ಬಾಗಿಲು ಬರಲಿಲ್ಲ.

ಕೀಲಿ ಅವನ ಜೇಬಿನಲ್ಲೇ ಇತ್ತು. ಕೆಳಗಿನಿಂದ ತಳ್ಳೋಣವೆಂದರೆ ಪಟ್ಟಿ, ಕಿಟಕಿಯಿಂದ ಎಸೆಯೋಣವೆಂದರೆ ಜಾಲರಿ. ಹತಾರಗಳೆಲ್ಲ ಹೊರಗೆ, ಮೇಷ್ಟ್ರ ಕುರ್ಚಿಯ ಬುಡದಲ್ಲಿ. ಬೋನಿಗೆ ಬಿದ್ದ ಇಲಿಯಂತೆ ಕೋಣೆಯಲ್ಲಿ ಸುತ್ತಿದ.

“ಅಂಕಲ್, ಒಂದು ನಿಮಿಷ, ನಾನು...” ಹುಡುಗಿಯ ಕೈ ತಲೆಗೆ ಹೋಯಿತು.

“ಬೇಡ! ಮುಟ್ಟಬೇಡ! ಮೇಷ್ಟ್ರಿದ್ದಾರೆ!” ಎಂದು ಒಳಗಿನಿಂದಲೇ ಗದರಿದ.

“ನಾನಿದ್ರೆ ಏನಂತೆ?” ಎಂದು ಮೇಷ್ಟ್ರು ಮುಖ ಊದಿಸಿಕೊಂಡರು. ಅದೇ ಹೊತ್ತಿಗೆ ಮನೆ ಮುಂದೆ ಜೀಪು ನಿಂತಿತು. ಸಂಜೆ ಎಂದಿದ್ದ ಮೇಡಂ ಮಧ್ಯಾಹ್ನವೇ ಬಂದಿದ್ದರು.

“ಯಜಮಾನ್ರು ಎಲ್ಲಿ?”

“ಈಗಷ್ಟೇ ಹೊರಗೆ ಹೋದ್ರು ಮೇಡಂ,” ಎಂದಳು ಹೆಂಡತಿ. ಅವಳ ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತಿತ್ತು.

ಮರದ ಪುಡಿ ಮೂಗಿಗೇರಿ ಬೀಗದಣ್ಣ ಸೀನಿದ.

“ಬೆಕ್ಕು,” ಎಂದರು ಮೇಷ್ಟ್ರು.

ಬೆಕ್ಕು ಇನ್ನೊಮ್ಮೆ ಸೀನಿ, “ಅಯ್ಯೋ” ಎಂದಿತು.

ಮೇಡಂ ಮುಖ ಗಂಟಾಯಿತು. “ಇದೇ ತಾನೆ ಹುಡುಗಿ ಕೋಣೆ? ಮಗು ಒಳಗಿಂದ ಹಾಕ್ಕೊಳ್ಳೋ ಬೀಗ ಕೇಳಿದ್ರೆ, ನೀವು ಹೊರಗಿಂದ ಜನರನ್ನ ಕೂಡಿಹಾಕೋ ಬೀಗ ಮಾಡಿದ್ದೀರ. ಸುಳ್ಳು ಬೇರೆ. ಬಟ್ಟೆ ಕಟ್ಟಮ್ಮ, ಹೊರಡೋಣ.”

ಹೆಂಡತಿ ಹುಡುಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಮೇಡಂ, ನನ್ನನ್ನ ನಾನೇ ಕೂಡಿಹಾಕ್ಕೊಂಡಿದ್ದು! ಅವಳನ್ನ ಕರ್ಕೊಂಡು ಹೋಗ್ಬೇಡಿ!” ಬೀಗದಣ್ಣ ಎರಡೂ ಕೈಯಲ್ಲಿ ಬಾಗಿಲು ಬಡಿದ. ಅಳು ಬರುತ್ತಿತ್ತು, ನಾಚಿಕೆಯಾಗಲಿಲ್ಲ.

ಹುಡುಗಿ ತೋಳು ಬಿಡಿಸಿಕೊಂಡು ಪಿನ್ನು ಕಿತ್ತಳು.

“ಬೇಡ ಮಗಳೇ!” ಎಂದಳು ಹೆಂಡತಿ.

ಖಟ್. ಬಾಗಿಲು ತೆರೆಯಿತು. ಮುಖದ ತುಂಬ ಮರದ ಪುಡಿ, ಕೈಯಲ್ಲಿ ಕಿತ್ತುಬಂದ ಹಿಡಿ. ಬೀಗದಣ್ಣ ಹಾಗೇ ನಿಂತಿದ್ದ.

ಮೇಡಂ ಪಿನ್ನನ್ನೇ ನೋಡಿದರು. “ಇದನ್ನ ಯಾರು ಕಲಿಸಿದ್ದು?”

“ನಾನೇ ಮೇಡಂ. ತಪ್ಪು ನಂದೇ,” ಎಂದ ಬೀಗದಣ್ಣ ಥಟ್ಟನೆ.

“ಸುಳ್ಳು,” ಎಂದಳು ಹುಡುಗಿ. “ಈ ಬೀಗ ಅಪ್ಪನಿಗೇ ತೆಗೆಯೋಕೆ ಬರಲಿಲ್ಲ. ನಂಗೇನು ಕಲಿಸ್ತಾರೆ? ನಂಗೆ ಮೊದ್ಲಿಂದ್ಲೂ ಬರತ್ತೆ.”

ಅಪ್ಪ. ಈ ತನಕ ಅಂಕಲ್ ಎನ್ನುತ್ತಿದ್ದವಳು ಅಪ್ಪ ಎಂದಿದ್ದಳು. ಬೀಗದಣ್ಣನ ಕಿವಿ ಗುಂಯ್‌ಗುಟ್ಟಿತು, ಕಣ್ಣು ಮಂಜಾಯಿತು. ಮೇಡಂ ತುಟಿ ಆಡುತ್ತಿದ್ದುದು ಕಂಡಿತು, ಒಂದಕ್ಷರವೂ ಕೇಳಿಸಲಿಲ್ಲ. ಅವರು ತನ್ನತ್ತ ತಿರುಗಿದಾಗಲೆಲ್ಲ ಜೋರಾಗಿ ತಲೆಯಾಡಿಸಿದ. ಅವರು ನಕ್ಕರು, ಹುಡುಗಿಯ ತಲೆ ಸವರಿ ಜೀಪು ಹತ್ತಿದರು. ಹುಡುಗಿ ಮನೆಯಲ್ಲೇ ಉಳಿದಿದ್ದಳು.

“ಬಿಟ್ಟುಹೋದ್ರಾ?” ಎಂದ ಬೀಗದಣ್ಣ, ಗೋಡೆ ಹಿಡಿದು ಕೂರುತ್ತಾ.

“ಕೇಳಿಸ್ಲಿಲ್ವಾ ನಿಮ್ಗೆ?” ಹೆಂಡತಿ ಕಣ್ಣೊರೆಸಿಕೊಂಡಳು. “ಎಂಥಾ ಬೀಗ ಹಾಕಿದ್ರೂ ಹಾಸ್ಟೆಲಲ್ಲಿ ನಿಲ್ಲದವಳು, ಬೇಕಾದಾಗ ತೆಗೆದು ಹೋಗಬಹುದಾಗಿದ್ರೂ ನಿಮ್ಮನೇಲಿ ನಿಂತಿದ್ದಾಳೆ, ಇನ್ನೇನು ನೋಡ್ಬೇಕು ಅಂದ್ರು.”

“ಸದ್ಯ!”

“ಓಡಿಹೋಗೋ ಹುಡುಗೀರು ಇನ್ನಿಬ್ರು ಇದ್ದಾರಂತೆ. ಇಲ್ಲಾದ್ರೆ ನಿಲ್ತಾರೆ, ನಾಳೆ ಕರ್ಕೊಂಡು ಬರ್ಲಾ ಅಂತ ಕೇಳಿದ್ರು. ತಲೆ ಆಡಿಸಿದ್ರಿ. ಒಬ್ಬೊಬ್ರಿಗೂ ಬೇರೆ ಕೋಣೆ, ಬೇರೆ ಬೀಗ ಅಂದ್ರು. ಅದಕ್ಕೂ ಆಡಿಸಿದ್ರಿ.”

ಬೀಗದಣ್ಣ ಮನೆಯನ್ನೊಮ್ಮೆ ಕಣ್ಣಲ್ಲೇ ಅಳೆದ. ಹುಡುಗಿಯ ಕೋಣೆ ಬಿಟ್ಟರೆ ಇದ್ದದ್ದು ತಾವು ಮಲಗುವ ಕೋಣೆ, ಅಡುಗೆಮನೆ.

“ನಾವೆಲ್ಲಿ ಮಲಗೋದೇ?”

“ನನ್ನನ್ನ ಕೇಳಿ ಆಡಿಸಿದ್ರಾ?”

ಈಗಲೇ ಮೇಡಂಗೆ ಫೋನು ಮಾಡಿ ಆಗುವುದಿಲ್ಲ ಎಂದುಬಿಡಬೇಕು ಎಂದು ನಿರ್ಧರಿಸಿ ಎದ್ದ. ಹುಡುಗಿ ಹತಾರದ ಪೆಟ್ಟಿಗೆ ಎತ್ತಿಕೊಂಡು ಎದುರಿಗೆ ಬಂದಳು.

“ಅಪ್ಪಾ, ಉಳಿದ ಬೀಗ ಶುರು ಮಾಡೋಣ್ವಾ? ಈ ಸಲ ಒಳಗೆ ನಾನು ನಿಲ್ತೀನಿ.”

ಬೀಗದಣ್ಣ ತಲೆಯಾಡಿಸಿದ.