ನಾಲ್ಕನೇ ಬ್ಲಾಕಿನ ನಿದ್ದೆಯ ಮಂಚ

ಮೈ ಒತ್ತುವ ಕೆಲಸಕ್ಕೆ ಸೇರಿದ ಮೇಲೆ ನನಗೆ ನಗುವಿಗೆ ಬರಗಾಲ ಬಂದದ್ದೇ ಇಲ್ಲ. ಅಂಗಿ ಬಿಚ್ಚಿ ಬೋರಲು ಮಲಗುವ ಮನುಷ್ಯ ತನ್ನ ದೊಡ್ಡಸ್ತಿಕೆಯನ್ನೂ ಆ ಅಂಗಿಯ ಜೊತೆಗೇ ಗೂಟಕ್ಕೆ ನೇತುಹಾಕಿರುತ್ತಾನೆ.

ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಮೊದಲ ಮಹಡಿಯಲ್ಲಿ ನಮ್ಮ ಕ್ಲಿನಿಕ್ಕು. ಡಾಕ್ಟರು ಚೀನೀ ಪದ್ಧತಿಯಲ್ಲಿ ನಾಡಿ, ನಾಲಿಗೆ ನೋಡಿ ಸೂಜಿ ಚುಚ್ಚುತ್ತಾರೆ. ಪರದೆಯ ಈಚೆ ನಾನು ಎಣ್ಣೆ ಬಿಸಿ ಮಾಡಿ ಮೈ ಒತ್ತುತ್ತೇನೆ. ಮಧ್ಯಾಹ್ನದ ಹೊತ್ತು ಆ ಹಸಿರು ಪರದೆ ಮೆಲ್ಲಗೆ ಉಬ್ಬಿ ಇಳಿಯುತ್ತದೆ, ಕೆಳಗಿನ ಆಟೋಗಳ ಸದ್ದು ಯಾವುದೋ ದೂರದ ಊರಿನದ್ದು ಅನ್ನಿಸುತ್ತದೆ. ಬಂದವರೆಲ್ಲ ಹತ್ತು ನಿಮಿಷದಲ್ಲಿ ಗೊರಕೆ ಹೊಡೆಯುತ್ತಾರೆ, ಒಬ್ಬರನ್ನು ಬಿಟ್ಟು. ಅವರ ಕಥೆಗೆ ಆಮೇಲೆ ಬರುತ್ತೇನೆ.

ಕೆಂಪು ನಾಲಿಗೆ

ಚೀನೀ ವೈದ್ಯದವರಿಗೆ ನಾಲಿಗೆ ಅಂದರೆ ಜಾತಕ ಇದ್ದ ಹಾಗೆ. ಒಂದು ದಿನ ಬಸವನಗುಡಿಯಿಂದ ಅತ್ತೆ, ಮಗ, ಸೊಸೆ ಮೂವರೂ ಮಂಡಿನೋವು, ಸೊಂಟನೋವು ಎಂದು ಒಟ್ಟಿಗೇ ಬಂದರು. ಡಾಕ್ಟರು ಒಬ್ಬೊಬ್ಬರ ನಾಲಿಗೆ ನೋಡಿ ಗಾಬರಿಯಾದರು.

"ಮೂರೂ ಜನಕ್ಕೂ ಉಷ್ಣ ವಿಪರೀತ ಇದೆ. ಇದು ವಂಶದಲ್ಲೇ ಬಂದಿರೋ ಹಾಗಿದೆ."

"ಸೊಸೆ ಬೇರೆ ವಂಶದವಳಲ್ವಾ ಸಾರ್?" ಎಂದರು ಅತ್ತೆ.

ಡಾಕ್ಟರು ಪೆನ್ನು ಕಚ್ಚಿಕೊಂಡು ಕೂತರು. ನಾನು ಪರದೆ ಸರಿಸಿ, "ಊಟ ಎಲ್ಲಾಯ್ತಮ್ಮ?" ಎಂದೆ.

"ಪಕ್ಕದ ಬೀದಿ ಗೃಹಪ್ರವೇಶದಲ್ಲಿ. ಊಟ ಅಷ್ಟಕ್ಕಷ್ಟೇ. ಬೀಡಾ ಮಾತ್ರ ಸಖತ್ತಾಗಿತ್ತು, ಎರಡೆರಡು ಹಾಕ್ಕೊಂಡ್ವಿ."

ಅಂದಿನಿಂದ ನಮ್ಮ ಬಾಗಿಲಲ್ಲಿ ಬೋರ್ಡು: 'ಬೀಡಾ ಹಾಕಿಕೊಂಡವರು ನಾಳೆ ಬನ್ನಿ.'

ಎಂಟು ಕಣ್ಣು

ಪುಟ್ಟೇನಹಳ್ಳಿಯ ಯಜಮಾನರೊಬ್ಬರಿಗೆ ಭುಜನೋವು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರು ಮಹಡಿ ಬಾಡಿಗೆ ಮನೆ ಬೆಳೆದಿದೆ. ಡಾಕ್ಟರು ಅವರ ಬೆನ್ನಿಗೆ ಎಂಟು ಗಾಜಿನ ಬಟ್ಟಲು ಕವುಚಿ ಹಾಕಿದರು. ಬಟ್ಟಲು ಚರ್ಮವನ್ನು ಒಳಗೆ ಎಳೆದುಕೊಳ್ಳುತ್ತದೆ, ತೆಗೆದ ಮೇಲೆ ದುಂಡಗೆ ಕಪ್ಪು ಗುರುತು ಉಳಿಯುತ್ತದೆ.

ಮನೆಯಲ್ಲಿ ಸ್ನಾನಕ್ಕೆ ಅಂಗಿ ಬಿಚ್ಚಿದಾಗ ಅವರ ತಾಯಿ ಆ ಗುರುತು ನೋಡಿ ಕಿರುಚಿಕೊಂಡರಂತೆ. "ಯಾರೋ ನನ್ ಮಗನ ಮೇಲೆ ಕಣ್ಣಾಕವ್ರೆ! ಒಂದಲ್ಲ ಕಣ್ರೋ, ಎಂಟು ಕಣ್ಣು!" ಉಪ್ಪು, ಮೆಣಸಿನಕಾಯಿ, ಪೊರಕೆಕಡ್ಡಿ ಎಲ್ಲ ನಿವಾಳಿಸಿ ಬೆಂಕಿಗೆ ಹಾಕಿದ್ದಾಯಿತು. ಮಾರನೇ ದಿನ ಭುಜ ಹಗುರ.

ಮುಂದಿನ ವಾರ ಯಜಮಾನರು ಮತ್ತೆ ಬಂದರು. "ನೋವು ಹೋಯ್ತು ಸಾರ್. ಅದು ಮೆಣಸಿನಕಾಯಿಂದ ಹೋಗಿದ್ದು ಅಂತಾಳೆ ನಮ್ಮವ್ವ."

"ಮತ್ತೆ ಇಲ್ಲಿಗೆ ಯಾಕೆ ಬಂದ್ರಿ?" ಡಾಕ್ಟರಿಗೆ ಸ್ವಲ್ಪ ಸಿಟ್ಟೇ ಬಂದಿತ್ತು.

"ದೃಷ್ಟಿ ತೆಗೀಬೇಕು ಅಂದ್ರೆ ಮೊದ್ಲು ದೃಷ್ಟಿ ಆಗ್ಬೇಕಲ್ಲ ಸಾರ್? ಹಾಕಿ ಇನ್ನೆಂಟು."

ಹಸು ಅಡ್ಡ ಬಂತು

ಆ ನಿದ್ದೆ ಬಾರದವರು ಬನಶಂಕರಿಯ ನಿವೃತ್ತ ಬಸ್ ಡ್ರೈವರು. ವರ್ಷಗಟ್ಟಲೆ ಬೆಂಗಳೂರು–ಮಂಗಳೂರು ರಾತ್ರಿ ಬಸ್ಸು ಓಡಿಸಿದವರು. ನಿವೃತ್ತಿಯಾದ ದಿನದಿಂದ ಹಾಸಿಗೆಯಲ್ಲಿ ಎದ್ದು ಕೂತು ಎದುರಿನ ಗೋಡೆ ನೋಡುತ್ತಾರೆ. ಅವರ ಹೆಂಡತಿಗೂ ನಿದ್ದೆಯಿಲ್ಲ. "ಒಂದು ದಿನ ಇವ್ರು ನೆಮ್ಮದಿಯಾಗಿ ಮಲಗಿದ್ರೆ ಸಾಕಮ್ಮ, ನಂಗಿನ್ನೇನೂ ಬೇಡ," ಎಂದು ಆಕೆ ಕಣ್ಣೊರೆಸಿಕೊಂಡರು.

ಡ್ರೈವರನ್ನು ಮಲಗಿಸಿ ಬಲ ಅಂಗಾಲು ಒತ್ತಿದೆ. ಕಾಲು ಧಡಕ್ಕನೆ ನನ್ನ ಅಂಗೈಯನ್ನು ಒದೆಯಿತು.

"ಸಾರಿ ಕಣಮ್ಮ. ಹಸು ಅಡ್ಡ ಬಂತು. ಅದು ಬ್ರೇಕು."

"ಎಡಗಾಲು ಒತ್ತಲಾ ಸಾರ್?"

"ಅದು ಕ್ಲಚ್ಚು."

ಡಾಕ್ಟರು ಹುಬ್ಬುಗಳ ನಡುವೆ ಸೂಜಿ ಇಟ್ಟು, "ಈಗ ಕಣ್ಣು ಮುಚ್ಚಿ," ಎಂದರು.

"ನಾನು ಕಣ್ಣು ಮುಚ್ಚಿದ್ರೆ ಹಿಂದೆ ಕೂತಿರೋರ ಗತಿ ಏನು ಸಾರ್?"

ಹೀಗೇ ನಾಲ್ಕು ವಾರ ಕಳೆಯಿತು. ಹಸು ದಿನಾ ಅಡ್ಡ ಬರುತ್ತಿತ್ತು, ನಿದ್ದೆ ಮಾತ್ರ ಬರಲಿಲ್ಲ.

ಕೊನೇ ಸ್ಟಾಪು

ಐದನೇ ವಾರ ಹೆಗಲು ಒತ್ತುತ್ತಾ ಕೇಳಿದೆ, "ಸಾರ್, ಡ್ಯೂಟಿಲಿ ನೀವು ಮಲಗ್ತಾನೇ ಇರ್ಲಿಲ್ವಾ?"

"ಮಲಗ್ತಿದ್ದೆ. ಹಾಸನದಲ್ಲಿ ಬದಲಿ ಡ್ರೈವರ್‌ಗೆ ಗಾಡಿ ಕೊಟ್ಟು ಹಿಂದಿನ ಸೀಟಲ್ಲಿ ಬಿದ್ಕೋತಿದ್ದೆ. ಏನ್ ನಿದ್ದೆ ಅಂತೀಯಾ! ಈಗ ಯಾರಿಗೆ ಕೊಡ್ಲಿ? ಯಾರೂ ಬಂದು ಇಸ್ಕೊಳ್ಳೇ ಇಲ್ವಲ್ಲಮ್ಮ."

ನನ್ನ ಕೈ ಹಾಗೇ ನಿಂತಿತು. ಪಾಪ, ಇಷ್ಟು ತಿಂಗಳಿಂದ ಈ ಮನುಷ್ಯ ಒಬ್ಬರೇ ಬಸ್ಸು ಓಡಿಸುತ್ತಲೇ ಇದ್ದಾರೆ.

"ಕೊಡಿ ಸಾರ್," ಎಂದೆ. "ಇಲ್ಲಿಂದ ಮುಂದಕ್ಕೆ ನಾನು ನೋಡ್ಕೋತೀನಿ."

ತಲೆಯೆತ್ತಿ ನನ್ನನ್ನು ನೋಡಿದರು. "ಘಾಟಿಲಿ ಮಂಜಿದೆ. ಹಾರ್ನ್ ಹೊಡ್ಕೊಂಡು ಹೋಗು. ನೀನು ನಿದ್ದೆ ಮಾಡ್ಬಾರ್ದು."

"ಇಲ್ಲ ಸಾರ್."

ಉದ್ದಕ್ಕೆ ಒಂದು ಉಸಿರು ಬಿಟ್ಟರು. ಮುಷ್ಟಿ ಬಿಚ್ಚಿಕೊಂಡಿತು. ಮಲಗಿಯೇ ಬಿಟ್ಟರು!

ಬಾಗಿಲ ಬಳಿ ಕೂತಿದ್ದ ಹೆಂಡತಿ ಗಂಡನ ಗೊರಕೆ ಕೇಳಿ ಅತ್ತರು, ಅಳುತ್ತಲೇ ಗೋಡೆಗೆ ಒರಗಿ ನಿದ್ದೆ ಹೋದರು. ಎಬ್ಬಿಸಬಾರದೆಂದು ಡಾಕ್ಟರು ಫ್ಯಾನಿನ ಕೆಳಗೆ ಕೂತವರು ಕೂತಲ್ಲೇ ತೂಕಡಿಸಿದರು. ಸರದಿಗೆ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದ ಇಬ್ಬರು ಆಂಟಿಯರ ತಲೆ ಒಂದಕ್ಕೊಂದು ಒರಗಿತು. ಘಾಟಿಯ ಮಂಜು ನಾಲ್ಕನೇ ಬ್ಲಾಕಿಗೇ ಇಳಿದು ಬಂದಂತಿತ್ತು. ಮೂರನೇ ತಿರುವಿನ ತನಕ ನಾನು ಎಚ್ಚರವಾಗಿದ್ದದ್ದು ನೆನಪಿದೆ.

"ಇಳೀರಿ, ಇಳೀರಿ! ಮಂಗಳೂರು! ಕೊನೇ ಸ್ಟಾಪು!"

ಡ್ರೈವರ ಕೂಗಿಗೆ ಎಲ್ಲರೂ ದಡಬಡಿಸಿ ಎದ್ದೆವು. ಬ್ಯಾಗು ಎತ್ತಿಕೊಂಡು, ಒಬ್ಬರನ್ನೊಬ್ಬರು ತಳ್ಳಿಕೊಂಡು ಮೆಟ್ಟಿಲು ಇಳಿದು ಫುಟ್‌ಪಾತಿಗೆ ಬಂದೆವು. ನನ್ನ ಕೈಯಲ್ಲಿ ಎಣ್ಣೆ ಬಟ್ಟಲು, ಪಕ್ಕದಲ್ಲಿ ಒಂದೇ ಚಪ್ಪಲಿಯಲ್ಲಿ ಡಾಕ್ಟರು. ಒಬ್ಬ ಆಂಟಿ ಸೆರಗು ಹೊದ್ದುಕೊಳ್ಳುತ್ತಾ, "ಮಂಗಳೂರಲ್ಲೂ ಇಷ್ಟು ತಂಪಿರುತ್ತಾ?" ಎಂದರು.

ಕೊನೆಯಲ್ಲಿ ಡ್ರೈವರು ನಿಧಾನವಾಗಿ ಇಳಿದು ಬಂದರು. ತೊಳೆದಿಟ್ಟ ತಟ್ಟೆಯ ಹಾಗೆ ಮುಖ ಹೊಳೆಯುತ್ತಿತ್ತು. ಒಂದು ಕೈಯಲ್ಲಿ ಡಾಕ್ಟರ ಕನ್ನಡಕ, ಇನ್ನೊಂದರಲ್ಲಿ ಚಪ್ಪಲಿ. "ಸೀಟಲ್ಲೇ ಬಿಟ್ಟು ಇಳಿದ್ಬಿಟ್ರಲ್ಲ ಸಾರ್," ಎಂದು ಕೊಟ್ಟು, ನನ್ನ ಕಡೆ ತಿರುಗಿದರು.

"ಎದ್ದಾಗ ನೀನು ನಿದ್ದೆ ಮಾಡ್ತಿದ್ದದ್ದು ನೋಡ್ದೆ ಕಣಮ್ಮ. ಆದ್ರೂ ನೀನು ತಿರುವೆಲ್ಲ ಚೆನ್ನಾಗಿ ತಗೊಂಡೆ. ನಂಗೆ ಒಂದ್ಸಲಾನೂ ಎಚ್ಚರ ಆಗ್ಲಿಲ್ಲ."